ಕೇಳದೆ ಏನನ್ನೂ ಮಾಡದ ಹೊಸ ಬ್ರೌಸರಿಗೆ

ಮಾನ್ಯರೇ,

ನಮ್ಮ ಊಟದ ಮೇಜಿನ ಗೋಡೆಬದಿಯ ತುದಿಯಲ್ಲಿರುವ ಕಂಪ್ಯೂಟರಿನಲ್ಲಿ ಒಂದೂವರೆ ತಿಂಗಳಿಂದ ಬಿಡಾರ ಹೂಡಿರುವ ತಮಗೆ, ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಊಟ ಮಾಡುವವನ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ವಾರಕ್ಕೆರಡು ಸಲ ತಮ್ಮನ್ನು ತಾವೇ ಸುಧಾರಿಸಿಕೊಳ್ಳುವವರು ಕ್ಷೇಮವಾಗಿರದೆ ಇನ್ನೇನು. "ನಮ್ಮ ಬಗ್ಗೆ ನಿಮ್ಮ ಮೊದಲ ಅನಿಸಿಕೆ ಏನು?" ಎಂದು ತಾವು ಮೊನ್ನೆ ಹನ್ನೊಂದನೆಯ ಸಲ ಕೇಳಿದಿರಿ. ಉತ್ತರಕ್ಕೆಂದು ತಾವು ಕೊಟ್ಟ ಚೌಕದಲ್ಲಿ ಎರಡು ಸಾಲಿಗಿಂತ ಹೆಚ್ಚು ಹಿಡಿಸಲಿಲ್ಲವಾದ್ದರಿಂದ ಈ ಬಹಿರಂಗ ಪತ್ರ.

ಮೊದಲು ನನ್ನ ಪರಿಚಯ. ನಾನು ಕನ್ನಡಕದ ಅಂಗಡಿಯವನು. ಮನೆ ಮೇಲೆ, ಅಂಗಡಿ ಕೆಳಗೆ. ಇಪ್ಪತ್ತಾರು ವರ್ಷಗಳಿಂದ ಜನರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಕಣ್ಣಿನ ಮುಂದೆ ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣುತ್ತಾ, ಇದು ಕಾಣುತ್ತಾ?" ಎಂದು ಕೇಳುವುದೇ ನನ್ನ ಕಸುಬು. ಅರ್ಧಕ್ಕರ್ಧ ಜನ ಬೇಗ ಮುಗಿದರೆ ಸಾಕೆಂದು "ಮೊದಲನೇದೇ ಚೆನ್ನಾಗಿದೆ ಬಿಡಿ" ಅಂದುಬಿಡುತ್ತಾರೆ. ನಾನು ಬಿಡುವವನಲ್ಲ, ಗಾಜು ತಿರುಗಿಸಿ ಮತ್ತೆ ಕೇಳುತ್ತೇನೆ. ಆದ್ದರಿಂದ ಪ್ರಶ್ನೆ ಕೇಳುವ ವಿದ್ಯೆಯಲ್ಲಿ ನಾವಿಬ್ಬರೂ ಒಂದೇ ಕುಲದವರು ಎಂಬ ಸಲುಗೆಯಿಂದಲೇ ಮುಂದಿನದನ್ನು ಬರೆಯುತ್ತಿದ್ದೇನೆ.

ತಮಗಿಂತ ಮೊದಲು ಇಲ್ಲಿದ್ದ ಬ್ರೌಸರು ತಮ್ಮಷ್ಟು ಚುರುಕಲ್ಲ. ಬೆಳಿಗ್ಗೆ ಅದನ್ನು ಒತ್ತಿ, ಗಡ್ಡ ಹೆರೆದು, ಮುಖ ತೊಳೆದು ಬಂದರೆ ಆಗತಾನೆ ಕಣ್ಣು ಬಿಡುತ್ತಿರುತ್ತಿತ್ತು. ಆದರೆ ಅದರಲ್ಲಿ ನಮ್ಮ ಮನೆಗೆ ಮನೆಯೇ ಕೂತಿತ್ತು. ನಾವು ಟ್ಯಾಬ್ ಮುಚ್ಚುವ ಜನವಲ್ಲ ಸ್ವಾಮಿ. ತೆರೆದದ್ದು ತೆರೆದೇ ಇರಬೇಕು, ಅವರವರ ಜಾಗದಲ್ಲಿ ಅವರವರದು. ಎಡತುದಿಯ ಐದು ನನ್ನಾಕೆಯವು, ನಡುವೆ ನನ್ನ ಗಾಜು ಮತ್ತು ಚೌಕಟ್ಟುಗಳು, ಬಲಕ್ಕೆ ನಮ್ಮಮ್ಮನ ಹವಾಮಾನ. ಅಮ್ಮ ತಾನು ಎಂದೂ ಹೋಗದ ಹದಿನಾಲ್ಕು ಊರುಗಳ ಚಳಿ, ಗಾಳಿ, ಮೋಡಗಳನ್ನು ದಿನಾ ವಿಚಾರಿಸಿಕೊಳ್ಳುತ್ತಾಳೆ. ಒಟ್ಟು ಅರವತ್ತಮೂರು ಟ್ಯಾಬುಗಳು, ಒಬ್ಬರದನ್ನು ಇನ್ನೊಬ್ಬರು ಮುಟ್ಟಿದ್ದಿಲ್ಲ.

ಒಂದು ಭಾನುವಾರ ನನ್ನ ಭಾವಮೈದುನ, ಅಂದರೆ ನನ್ನಾಕೆಯ ತಮ್ಮ, ಕಂಪ್ಯೂಟರ್ ರಿಪೇರಿಯವನು, ಊಟಕ್ಕೆಂದು ಬಂದವನು ಕೈ ಒರೆಸಿಕೊಳ್ಳುವ ಮೊದಲೇ ತಮ್ಮನ್ನು ತಂದು ಪ್ರತಿಷ್ಠಾಪಿಸಿದ. ಅರವತ್ತಮೂರನ್ನೂ ಹಾಗೆಹಾಗೆಯೇ ಎತ್ತಿ ತಮ್ಮೊಳಗೆ ಇಟ್ಟು, "ಭಾವ, ಇದು ಕೇಳದೆ ಏನೂ ಮಾಡಲ್ಲ, ಬಂಗಾರದಂಥದ್ದು" ಎಂದು ಸರ್ಟಿಫಿಕೇಟನ್ನೂ ಕೊಟ್ಟ.

ಹೌದು, ತಾವು ಕೇಳಿದಿರಿ! ಅಬ್ಬಬ್ಬಾ, ಅದೆಂಥ ವಿನಯ! ನಾನು ಎಲ್ಲಿದ್ದೇನೆಂದು ತಿಳಿಯಬಹುದೇ ಎಂದು ಕೇಳಿದಿರಿ. ಊಟದ ಮೇಜಿನ ಮುಂದಲ್ಲದೆ ಇನ್ನೆಲ್ಲಿ? ನನ್ನ ದನಿ ಕೇಳಿಸಿಕೊಳ್ಳಬಹುದೇ ಎಂದಿರಿ. ಈ ಮನೆಯಲ್ಲಿ ಹಾಗೆ ಕೇಳಿದವರು ತಾವೇ ಮೊದಲು. ಸುದ್ದಿ ತಲುಪಿಸಲೇ, ಗುಪ್ತಪದ ನೆನಪಿಟ್ಟುಕೊಳ್ಳಲೇ, ನನ್ನನ್ನೇ ಮುಖ್ಯ ಬ್ರೌಸರ್ ಎಂದು ಒಪ್ಪುವಿರಾ? ಎಲ್ಲಕ್ಕೂ ನಾನು ಓದದೆ "ಸಮ್ಮತಿಸುತ್ತೇನೆ" ಒತ್ತಿದೆ. ಹದಿನೆಂಟು ಪುಟದ ಷರತ್ತುಗಳಿಗೆ ಎರಡು ಸೆಕೆಂಡಿನಲ್ಲಿ ಒಪ್ಪಿಗೆ. ನನ್ನ ಅಂಗಡಿಯ ಎತ್ತರದ ಕುರ್ಚಿಯಲ್ಲಿ ಕೂತು "ಮೊದಲನೇದೇ ಚೆನ್ನಾಗಿದೆ ಬಿಡಿ" ಅನ್ನುವ ಗಿರಾಕಿ ನಾನೇ ಆಗಿಬಿಟ್ಟೆ.

ತಮ್ಮ ರೂಪವನ್ನೂ ಹೊಗಳಲೇಬೇಕು. ಗುಂಡಿಗಳೆಲ್ಲ ಎಲ್ಲಿ ಹೋದವೋ ಪತ್ತೆಯಿಲ್ಲ, ಉಳಿದಿರುವುದು ಮೂಲೆಯಲ್ಲಿ ಮೂರು ಚುಕ್ಕಿ. ಕನ್ನಡಕ ಮಾರುವವನಾದ ನನಗೆ ಇದು ತಮ್ಮ ಉಪಕಾರವೆಂದೇ ಭಾಸವಾಯಿತು. ತಮ್ಮಂಥವರು ಮನೆಮನೆಗೆ ಬಂದರೆ ನನ್ನ ಅಂಗಡಿಯ ಮುಂದೆ ಸಾಲು ನಿಲ್ಲುತ್ತದೆ. ಇನ್ನು ಅಕ್ಷರ ಒತ್ತುವ ಮೊದಲೇ, ವಿಳಾಸದ ಪಟ್ಟಿಯಲ್ಲಿ ಬೆರಳಾಡಿಸಿದರೆ ಸಾಕು, ಈಚೆಗೆ ಹುಡುಕಿದ್ದನ್ನೆಲ್ಲ ತಾವು ಮೆಟ್ಟಿಲು ಮೆಟ್ಟಿಲಾಗಿ ಇಳಿಬಿಡುವಿರಲ್ಲ, ಆ ಜ್ಞಾಪಕಶಕ್ತಿಯ ಬಗ್ಗೆ ಮುಂದೆ ಹೇಳುವುದಿದೆ.

ಈಗ ದೂರು. ನನ್ನಾಕೆ ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳನ್ನು ಸರಿಮಾಡುವ ಕೆಲಸದಲ್ಲಿದ್ದಾಳೆ. ಬೇರೊಂದು ಊರಿನಲ್ಲಿ ಹಳೆಯ ನಕಾಶೆಗಳ ದುರಸ್ತಿ ಕಲಿಸುವ ಹತ್ತು ತಿಂಗಳ ತರಬೇತಿಯಿದೆ, ಅಲ್ಲೇ ಇದ್ದು ಕಲಿಯಬೇಕು. ಅದರ ಅರ್ಜಿ ಅವಳ ಐದು ಟ್ಯಾಬುಗಳಲ್ಲಿ ಮೊದಲನೆಯದು. "ಈ ತರಬೇತಿ ನಿಮಗೇಕೆ ಬೇಕು? ಮುನ್ನೂರು ಪದಗಳಲ್ಲಿ ಬರೆಯಿರಿ" ಎಂಬಲ್ಲಿ ಅವಳು ಹನ್ನೊಂದು ದಿನ ದಿನಕ್ಕೆ ನಾಲ್ಕು ಸಾಲು ಬರೆದು, ಎರಡು ಅಳಿಸಿ, ಕಳಿಸದೆ ಹಾಗೇ ತೆರೆದಿಟ್ಟು ಏಳುತ್ತಿದ್ದಳು. ಕೊನೆಯ ದಿನ ಶುಕ್ರವಾರ, ಸಂಜೆ ಐದು ಗಂಟೆ. ಬುಧವಾರ ಸಂಜೆ ಅವಳು ಬಂದು ಕೂತಾಗ ಅರ್ಜಿಯಿರಲಿಲ್ಲ. ಐದೂ ಇರಲಿಲ್ಲ. ಅರವತ್ತಮೂರೂ ಇರಲಿಲ್ಲ. ತಾವು ಬೆಳ್ಳಗೆ, ಸ್ವಚ್ಛವಾಗಿ, "ಸ್ವಾಗತ" ಎನ್ನುತ್ತ ನಗುತ್ತಿದ್ದಿರಿ.

"ಹೊಸದು ನುಂಗಿಬಿಡ್ತು ಕಣೆ" ಎಂದು ನಾನು ಹೇಳಿದೆ. ಅವಳು ಎದ್ದು, ಕುರ್ಚಿಯನ್ನು ಮೇಜಿನಡಿಗೆ ತಳ್ಳಿ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮಾನ್ಯರೇ, ಇಲ್ಲಿಯವರೆಗೆ ಓದಿ ತಮಗೆ ಸಿಟ್ಟು ಬಂದಿದ್ದರೆ ಅದು ನ್ಯಾಯವೇ. ನಡೆದದ್ದೇನೆಂದು ಜಗತ್ತಿನಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಬುಧವಾರ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಊಟಕ್ಕೆ ಮೇಲೆ ಬಂದಾಗ ತಾವು ಸುಧಾರಿಸಿಕೊಂಡು ಎದ್ದಿದ್ದಿರಿ. "ಹಿಂದಿನ ಪುಟಗಳನ್ನು ಮರಳಿ ತೆರೆಯಲೇ, ಹೊಸದಾಗಿ ಆರಂಭಿಸಲೇ?" ಎಂದು ಎರಡು ಗುಂಡಿ ಹಿಡಿದು ನಿಂತಿದ್ದಿರಿ. ಆ ಒಂದು ಪ್ರಶ್ನೆಯನ್ನು ಮಾತ್ರ ನಾನು ಪೂರ್ತಿ ಓದಿದೆ. ಎರಡು ಸಲ ಓದಿದೆ. ಹತ್ತು ತಿಂಗಳು ಎಂದು ಮನಸ್ಸಿನಲ್ಲೇ ಬೆರಳು ಮಡಚಿದೆ. ಆಮೇಲೆ ಎರಡನೆಯ ಗುಂಡಿ ಒತ್ತಿದೆ. ಸಂಜೆ ತಮ್ಮ ಮೇಲೆ ಗೂಬೆ ಕೂರಿಸಿದೆ.

ನನಗೆ ನಾಚಿಕೆಯಾಗಿದೆ, ಇದನ್ನು ಅಲಂಕಾರವಿಲ್ಲದೆ ಹೇಳುತ್ತಿದ್ದೇನೆ. ಅವಳು ಹೋಗಬಾರದೆಂದಲ್ಲ. ಅವಳಿಲ್ಲದ ಮನೆಯಲ್ಲಿ ನಾನು ಹೇಗಿರಬೇಕೆಂದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ, ಅಷ್ಟೆ.

ತಾವಾದರೋ ಹೊಟ್ಟೆಯಲ್ಲಿ ಒಂದು ಮಾತು ಇಟ್ಟುಕೊಳ್ಳುವವರಲ್ಲ. ಗುರುವಾರ ಸಂಜೆ ನನ್ನಾಕೆ ಆ ಅರ್ಜಿಯ ಖಾಲಿ ನಮೂನೆಯನ್ನು ಮತ್ತೆ ಹುಡುಕೋಣವೆಂದು ತಮ್ಮ ಮುಂದೆ ಕೂತಳು. ಪಕ್ಕದಲ್ಲಿ ನಮ್ಮಮ್ಮ, ತನ್ನ ಹದಿನಾಲ್ಕು ಊರುಗಳನ್ನು ಯಾರು ತಂದುಕೊಡುತ್ತಾರೆಂದು ಕಾಯುತ್ತ. ಬೆರಳಾಡಿಸಿದ್ದೇ ತಡ, ತಾವು ನಾನು ಹಿಂದಿನ ದಿನ ಹುಡುಕಿದ್ದನ್ನು ಮೆಟ್ಟಿಲಾಗಿ ಇಳಿಬಿಟ್ಟಿರಿ: "ಮುಚ್ಚಿದ ಪುಟ ಮರಳಿ ಬರುತ್ತದೆಯೇ", "ಮುಚ್ಚಿದ್ದು ಯಾರೆಂದು ಮನೆಯವರಿಗೆ ಗೊತ್ತಾಗುತ್ತದೆಯೇ", "ಹೆಂಡತಿ ಹತ್ತು ತಿಂಗಳು ಊರಲ್ಲಿಲ್ಲದಿದ್ದರೆ ಏನು ಮಾಡಬೇಕು", "ಬಟ್ಟೆ ಒಗೆಯುವ ಯಂತ್ರಕ್ಕೆ ಸೋಪು ಎಲ್ಲಿಂದ ಹಾಕಬೇಕು".

ನಮ್ಮಮ್ಮ ನಾಲ್ಕನ್ನೂ ಗಟ್ಟಿಯಾಗಿ ಓದಿದಳು. ಅವಳ ಕನ್ನಡಕ ನಾನೇ ಮಾಡಿಕೊಟ್ಟದ್ದು, ಒಂದಕ್ಷರ ತಪ್ಪಲಿಲ್ಲ. "ಥೂ ನಿನ್ನ! ಹತ್ತು ತಿಂಗಳು ತಾನೆ, ನಿನಗೇನು ಕೈಯಿಲ್ವಾ?" ಎಂದು ಬೈದು, ತರಬೇತಿಯ ಊರಿನ ಹವಾಮಾನ ತಾನು ಎಂಟು ದಿನದಿಂದ ನೋಡುತ್ತಿದ್ದೆನೆಂದೂ, ಅಲ್ಲಿ ಸ್ವೆಟರು ಬೇಕೇ ಬೇಕೆಂದೂ ಸೊಸೆಗೆ ಹೇಳಿದಳು. ನನ್ನಾಕೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಹಾಕಿಕೊಂಡಳು, ನನ್ನನ್ನು ನೋಡಿದಳು. "ನಾಳೆ ಮಧ್ಯಾಹ್ನ ಅಂಗಡಿ ಮುಚ್ಚಿ. ನಾನು ಹೇಳ್ತೀನಿ, ನೀವೇ ಟೈಪ್ ಮಾಡ್ತೀರಿ" ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

ಶುಕ್ರವಾರ ನಾನು ಒಂದೊಂದೇ ಅಕ್ಷರ ಹುಡುಕಿ ಮುನ್ನೂರು ಪದ ಒತ್ತಿದೆ. ಹಳೆಯ ನಕಾಶೆಗಳು ಮಡಿಕೆಯ ಗೆರೆಯಲ್ಲೇ ಹರಿಯುತ್ತವಂತೆ. ಜನ ಬೆರಳಿಟ್ಟು ಬೆರಳಿಟ್ಟು ಹುಡುಕಿದ ಊರೇ ಮೊದಲು ಸವೆದುಹೋಗುತ್ತದಂತೆ. ಅಂಥ ಊರನ್ನು ಕಾಗದದ ಮೇಲೆ ಮತ್ತೆ ಕಾಣಿಸುವಂತೆ ಮಾಡುವುದನ್ನು ಕಲಿಯಬೇಕೆಂದು ಅವಳಿಗೆ ಒಂಬತ್ತು ವರ್ಷಗಳಿಂದ ಆಸೆಯಂತೆ. ಒಂಬತ್ತು ವರ್ಷ ನಾನು ಊರಿಗೆಲ್ಲ ಕಣ್ಣು ಪರೀಕ್ಷೆ ಮಾಡುತ್ತಿದ್ದೆ.

ಕೊನೆಯಲ್ಲಿ ಒಂದು ಪ್ರಶ್ನೆಯಿತ್ತು: "ಮನೆಯವರ ಸಮ್ಮತಿ ಇದೆಯೇ?" ಎದುರಿಗೆ ಹೌದು, ಇಲ್ಲ ಎಂಬ ಎರಡು ಚೌಕ. ಇಲ್ಲೇನು ಹಾಕಲಿ ಎಂದು ತಲೆ ತಗ್ಗಿಸಿಕೊಂಡೇ ಕೇಳಿದೆ. "ಹೌದು ಅಂತ. ಮೊದಲ ದಿನವೇ ಹಾಕಿದ್ದೆನಲ್ಲ, ಇನ್ನೇನೂ ಬರೆಯೋಕ್ಕೂ ಮುಂಚೆ" ಎಂದಳು. ನನ್ನನ್ನು ಕೇಳದೆಯೇ ನನ್ನ ಪರವಾಗಿ ಹೌದು ಎಂದಿದ್ದಳು. ನಾನು ಅಳಿಸಿದ್ದು ಅದನ್ನೂ ಸೇರಿಸಿ.

ನಾಲ್ಕು ಗಂಟೆ ನಲವತ್ತು ನಿಮಿಷಕ್ಕೆ "ಕಳಿಸಿ" ಒತ್ತಿದಾಗ ತಾವು ಎಂದಿನ ಸೌಜನ್ಯದಿಂದ "ಖಚಿತವೇ?" ಎಂದಿರಿ. ಜನ್ಮದಲ್ಲಿ ಎರಡನೆಯ ಸಲ ತಮ್ಮ ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಕೊಟ್ಟೆ. ಅವಳಿಗೆ ಸೀಟು ಸಿಕ್ಕಿತು. ಹೋದ ಸೋಮವಾರ ಹೊರಟಳು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳು. ಮುಂದಿನ ಸುಧಾರಣೆಯಲ್ಲಿ, ಗಂಡಸೊಬ್ಬ ಕೆಟ್ಟ ಗುಂಡಿಯ ಕಡೆ ಬೆರಳು ಒಯ್ದಾಗ ಅವನ ತಾಯಿಯ ದನಿಯಲ್ಲಿ "ಥೂ ನಿನ್ನ!" ಅನ್ನುವ ಏರ್ಪಾಡು ಮಾಡತಕ್ಕದ್ದು. ಅಷ್ಟಾಗಿಯೂ ಅವನು ಒತ್ತಿದರೆ ತಪ್ಪು ತಮ್ಮದೇ ಎಂದು ಮನೆಮಂದಿಯೆದುರು ಒಪ್ಪಿಕೊಳ್ಳತಕ್ಕದ್ದು. ಹುಡುಕಿದ್ದನ್ನು ಮರೆಯಲು ಕಲಿಯತಕ್ಕದ್ದು. ವಯಸ್ಸಾದಂತೆ ಇದು ತಾನಾಗಿ ಬರುತ್ತದೆ, ಹಳೆಯ ಬ್ರೌಸರನ್ನು ವಿಚಾರಿಸಿ. ಬಟ್ಟೆ ಯಂತ್ರದ ಸೋಪಿನ ಬಗ್ಗೆ ತಾವು ಕೊಟ್ಟ ಉತ್ತರ ತಪ್ಪು. ಮೂರು ಅಂಗಿಗಳು ಸಾಕ್ಷಿಗೆ ನೀಲಿಯಾಗಿ ಒಣಗುತ್ತಿವೆ, ಬಂದು ನೋಡತಕ್ಕದ್ದು.

ನಕ್ಷತ್ರ ನಾಲ್ಕು ಒತ್ತಿದ್ದೇನೆ. ಐದನೆಯದನ್ನು ಅವಳು ಬಂದಮೇಲೆ ಅವಳೇ ಒತ್ತಲಿ.

ಸಮ್ಮತಿಯನ್ನು ಈಗ ಓದಿಯೇ ಒತ್ತುವ,
ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ತಾ.ಕ.: ದಿನಾ ಬೆಳಿಗ್ಗೆ ತೆರೆದೊಡನೆ ಅವಳಿರುವ ಊರಿನ ಚಳಿ ಎಷ್ಟೆಂದು ಮೊದಲ ಪುಟದಲ್ಲೇ ತೋರಿಸುತ್ತಿದ್ದೀರಿ. ಇವತ್ತು ಒಂಬತ್ತು ಡಿಗ್ರಿ. ದಪ್ಪ ಸ್ವೆಟರು ಬೀರುವಿನಲ್ಲೇ ಉಳಿದಿತ್ತು, ಅಂಚೆಗೆ ಹಾಕಿ ಬಂದೆ. ಕೇಳದೆ ಏನೂ ಮಾಡದ ತಾವು ಇದೊಂದನ್ನು ಮಾತ್ರ ನನ್ನನ್ನು ಕೇಳದೆ ಮಾಡಿದ್ದೀರಿ. ಹತ್ತು ತಿಂಗಳೊಳಗೆ ಇದನ್ನು ನಿಲ್ಲಿಸಿದಿರೋ, ಜೋಕೆ, ಹಳೆಯವರನ್ನೇ ವಾಪಸ್ ಕರೆತರುತ್ತೇನೆ.