ಇಂಟರ್ವಲ್ ಇಲ್ಲದ ಸಿನಿಮಾಕ್ಕೆ ಮಿರ್ಚಿ

“ಇಂಟರ್ವಲ್! ಮಿರ್ಚಿ ರೆಡಿ, ಬಿಸಿಬಿಸಿ ತಿನ್ರಿ!” ಎಂದು ಕೂಗಿ ಸಿನಿಮಾ ನಿಲ್ಲಿಸಿ ಲೈಟ್ ಹಾಕಿದೆ. ಎಲ್ಲರೂ ಎದ್ದರು. ಒಬ್ಬಳು ಮಾತ್ರ ಏಳಲಿಲ್ಲ. ಸಿನಿಮಾ ಮಾಡಿದವಳು.

ಅಮೆರಿಕದ ಆಬರ್ನ್ ಹಿಲ್ಸ್‌ನ ಪಾಟೀಲ ಅಂಕಲ್ ಮನೆಯ ಬೇಸ್‌ಮೆಂಟ್ ಅದು. ಅಂಕಲ್ ಕಾರು ಕಂಪನಿಯ ಎಂಜಿನಿಯರ್, ಸಿನಿಮಾ ಹುಚ್ಚು. ಆಗಾಗ ಭಾನುವಾರ ಮಧ್ಯಾಹ್ನ ಕನ್ನಡದವರನ್ನೆಲ್ಲ ಕೂರಿಸಿ ಯಾರೂ ನೋಡದ ಚಿತ್ರ ತೋರಿಸುತ್ತಾರೆ. ಜನ ಬರುವುದು ತಿಂಡಿಗೆ. ತಿಂಡಿ ಮಾಡುವವನು ನಾನು. ಅಲ್ಲೇ ಹತ್ತಿರದ ವಿಕ್ಸಮ್‌ನಲ್ಲಿ ನಮ್ಮ ಭಾವನ ಕೇಟರಿಂಗ್ ಅಡುಗೆಮನೆ ಇದೆ. ನಾನು ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು. ಲ್ಯಾಪ್‌ಟಾಪ್ ಬಟನ್ ಒತ್ತಲು ಅಷ್ಟು ಓದು ಸಾಕೆಂದು ಅಂಕಲ್ ಆ ಕೆಲಸವನ್ನೂ ನನಗೇ ಕೊಟ್ಟಿದ್ದರು.

ಅವತ್ತಿನದು ರಷ್ಯನ್ ಸಿನಿಮಾ. ಮಾಡಿದ ಲೆನಾ ಈಗ ಇಲ್ಲಿಂದ ಐದು ಗಂಟೆ ದಾರಿಯ ಶಾಮ್‌ಬರ್ಗ್‌ನಲ್ಲಿದ್ದಾಳೆ. ಅವಳ ದೇಶದಲ್ಲಿ ಅದನ್ನು ಹಾಕಲು ಯಾವ ಥಿಯೇಟರೂ ಒಪ್ಪಲಿಲ್ಲವಂತೆ. ಜನರ ಮುಂದೆ ತೋರಿಸುತ್ತಿರುವುದು ಇದೇ ಮೊದಲ ಸಲ, ಅದಕ್ಕೇ ಅಷ್ಟು ದೂರ ಒಬ್ಬಳೇ ಡ್ರೈವ್ ಮಾಡಿಕೊಂಡು ಬಂದಿದ್ದಳು. ಕತೆ ಇಷ್ಟೇ: ಒಬ್ಬ ಹೆಂಗಸು ಅಡುಗೆಮನೆಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಾಳೆ, ಗಂಡ ಬಂದನೇ ಎಂದು ಬಾಗಿಲು ನೋಡುತ್ತಾಳೆ. ಅಷ್ಟು ನಿಧಾನ ಸುಲಿದರೆ ನಮ್ಮ ಭಾವ ಅವತ್ತೇ ಮನೆಗೆ ಕಳಿಸುತ್ತಿದ್ದ.

ನಾನು ದಾವಣಗೆರೆಯವನು. ನಮ್ಮಲ್ಲಿ ಇಂಗ್ಲಿಷ್ ಚಿತ್ರವಾದರೂ ಅಷ್ಟೇ, ಹೀರೋ ಬೆಟ್ಟದ ತುದಿಯಿಂದ ಜೋತಾಡುತ್ತಿರುವಾಗಲೇ ನಿಲ್ಲಿಸಿ ಮಂಡಕ್ಕಿ, ಮಿರ್ಚಿ ಮಾರುತ್ತಾರೆ. ನಾವು ತಿಂದು ಬರುವವರೆಗೆ ಅವನು ಅಲ್ಲೇ ಜೋತಾಡಿಕೊಂಡಿರುತ್ತಾನೆ. ಇಂಟರ್ವಲ್ ಎಂದರೆ ಕೇಳಿ ಬಿಡುವ ವಿಷಯ ಎಂದು ನನಗೆ ಹೊಳೆಯಲೇ ಇಲ್ಲ. ಬಾಣಲೆಯಿಂದ ತೆಗೆದ ಮಿರ್ಚಿ ಮೆತ್ತಗಾಗುತ್ತಿತ್ತು. ಅಷ್ಟರಲ್ಲಿ ಆ ಹೆಂಗಸು ಎದ್ದು ಹೋಗಿ ಬಾಗಿಲ ಚಿಲಕದ ಮೇಲೆ ಕೈ ಇಟ್ಟಳು. ಒಳ್ಳೆ ಜಾಗ ಅನಿಸಿತು. ನಿಲ್ಲಿಸಿದೆ.

“ಲೇ ತಮ್ಮಾ, ಏನ್ ಮಾಡಿದ್ಯೋ!” ಅಂಕಲ್ ಹಣೆ ಹಿಡಿದುಕೊಂಡರು. “ಇಡೀ ಸಿನಿಮಾ ಒಂದ ಶಾಟ್‌ನ್ಯಾಗ ತಗದಾಳಪಾ ಆಕಿ. ಎಲ್ಲೂ ನಿಲ್ಲಿಸಿಲ್ಲ. ನೀ ನಿಲ್ಲಿಸಿದಿ ನೋಡು!”

“ಮತ್ತೆ ಹಾಕ್ತೀನಲ್ಲ ಅಂಕಲ್, ಎಲ್ಲಿ ಹೋಗುತ್ತೆ?”

“ಆಕಿ ಮುಂದ ನಿಂತು ಹೇಳು ಇದನ್ನ.”

ಹೇಳಲು ಹೋದೆ. ‘ಸಾರಿ’ ಬಿಟ್ಟು ಬೇರೆ ಇಂಗ್ಲಿಷ್ ಬಾಯಿಗೆ ಬರಲಿಲ್ಲ. ಕೈಯಲ್ಲಿದ್ದ ತಟ್ಟೆ ಚಾಚಿದೆ. ಅವಳು ಒಂದು ಮಿರ್ಚಿ ಕಚ್ಚಿದಳು. ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಇರಲಿ ದೇವರೇ ಎಂದುಕೊಂಡೆ. ತಿಂಡಿಗೆಂದು ಮಹಡಿ ಮೇಲೆ ಹೋದ ಜನ ಕಾಫಿ ಹಿಡಿದು ಸ್ನೋ, ವೀಸಾ ಎಂದು ಮಾತಿಗೆ ಕೂತರು. ಒಬ್ಬರೂ ಇಳಿದು ಬರಲಿಲ್ಲ. ಅವರನ್ನು ಕರೆಯಲು ಹೋದ ಅಂಕಲ್ಲೂ ಬರಲಿಲ್ಲ.

“ಮೊದಲಿಂದ ಹಾಕಲಾ ಮೇಡಂ?” ಎಂದು ಹರುಕುಮುರುಕು ಇಂಗ್ಲಿಷ್‌ನಲ್ಲಿ ಕೇಳಿದೆ.

“ನೀನು ಕೂತು ನೋಡುವುದಾದರೆ ಹಾಕು,” ಎಂದಳು.

ಕೂತೆ. ನಾಚಿಕೆಗೆ ಬೆನ್ನು ನೆಟ್ಟಗೆ ಮಾಡಿ ಕೂತೆ. ಸುಲಿದಳು, ಬಾಗಿಲು ನೋಡಿದಳು, ಮತ್ತೆ ಸುಲಿದಳು. ಬೆಳಗಿನಿಂದ ಒಲೆ ಮುಂದೆ ನಿಂತ ಮೈ ನನ್ನದು. ಕಣ್ಣು ಬಿಟ್ಟಾಗ ಪರದೆ ಖಾಲಿ. ಲೆನಾ ನನ್ನನ್ನೇ ನೋಡುತ್ತಿದ್ದಳು.

“ಕೊನೆ ಹೇಗಿತ್ತು?”

“ತುಂಬಾ ಚೆನ್ನಾಗಿತ್ತು ಮೇಡಂ. ಬಾಗಿಲು ತೆಗೆದಾಗ ಗಂಡ ನಿಂತಿದ್ದನಲ್ಲ, ಅಳು ಬಂತು.”

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. “ನನ್ನ ಸಿನಿಮಾದಲ್ಲಿ ಅವಳು ಬಾಗಿಲು ತೆಗೆಯುವುದೇ ಇಲ್ಲ. ನಿನ್ನದರಲ್ಲಾದರೂ ಗಂಡ ಬಂದನಲ್ಲ, ಬಿಡು.”

ಉಳಿದ ಮಿರ್ಚಿ ಕಟ್ಟಿಕೊಟ್ಟೆ. ತೆಗೆದುಕೊಂಡು ಹೋದಳು. ಇನ್ನು ಹೇಳಲು ನನ್ನ ಹತ್ತಿರ ಏನೂ ಇಲ್ಲ.