ಲಕ್ಸೆಂಬರ್ಗ್ ದೊಡ್ಡದೋ, ನಮ್ಮ ಕೋರ್ಟು ದೊಡ್ಡದೋ?

ಡಾಕ್ಟರನ್ನು ಕಂಡರೆ ಜನ ನಾಲಿಗೆ ಚಾಚುತ್ತಾರೆ. ನನ್ನನ್ನು ಕಂಡರೆ ಪ್ರಶ್ನೆ ಎಸೆಯುತ್ತಾರೆ. ನಾನು ನೆದರ್‌ಲ್ಯಾಂಡ್ಸಿನ ಯುಟ್ರೆಕ್ಟ್‌ನಲ್ಲಿ ಯುರೋಪಿನ ಕಾನೂನು ಪಾಠ ಮಾಡುವವನು. ಇಲ್ಲಿ ದೇಶಕ್ಕೊಂದು ದೊಡ್ಡ ಕೋರ್ಟು. ಎಲ್ಲ ದೇಶಗಳಿಗೂ ಸೇರಿ ಲಕ್ಸೆಂಬರ್ಗ್‌ನಲ್ಲಿ ಯುರೋಪಿಯನ್ ಒಕ್ಕೂಟದ ಕೋರ್ಟು ಬೇರೆ. "ಇವೆರಡರಲ್ಲಿ ಯಾವುದು ದೊಡ್ಡದು ಸಾರ್?" ಗಣೇಶ ಹಬ್ಬದ ಊಟದ ಸಾಲಿನಲ್ಲಿ ಕೇಳಿದ್ದಾರೆ, ರೈಲಿನಲ್ಲಿ ಕೇಳಿದ್ದಾರೆ, ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಕೈ ಇಟ್ಟುಕೊಂಡೇ ಕೇಳಿದ್ದಾರೆ.

೧. ನೇರ ಮೇಲಕ್ಕೆ

ಮೈಸೂರಿನ ಒಬ್ಬ ಸಾಫ್ಟ್‌ವೇರ್ ಹುಡುಗ. ಹೆಂಡತಿ ಇಲ್ಲಿ ವಾಸಿಸುವ ಪರ್ಮಿಟ್ ತಿರಸ್ಕಾರವಾಗಿ ಕಂಗಾಲಾಗಿದ್ದ.

"ಸಾರ್, ಇಲ್ಲಿನ ಕೋರ್ಟೆಲ್ಲ ಬೇಡ. ಡೈರೆಕ್ಟ್ ಲಕ್ಸೆಂಬರ್ಗಿಗೇ ಹಾಕೋಣ."

"ಹಾಗೆ ನೇರ ಹೋಗೋಕಾಗಲ್ಲಪ್ಪ. ಇಲ್ಲಿನ ಜಡ್ಜಿಗೆ ಯುರೋಪಿನ ಕಾನೂನಿನ ಬಗ್ಗೆ ಅನುಮಾನ ಬಂದರೆ, ಅವರು ಅಲ್ಲಿಗೆ ಪ್ರಶ್ನೆ ಕಳಿಸ್ತಾರೆ."

"ಅಲ್ಲಿಯವರು ತೀರ್ಪು ಕೊಡ್ತಾರೆ?"

"ಇಲ್ಲ, ಉತ್ತರ ಕೊಡ್ತಾರೆ. ಅದನ್ನ ನೋಡಿ ತೀರ್ಪು ಕೊಡೋದು ಮತ್ತೆ ಇಲ್ಲಿನ ಜಡ್ಜೇ."

ಅವನು ತಲೆ ಮೇಲೆ ಕೈ ಹೊತ್ತ. "ಗೊತ್ತಾಯ್ತು ಬಿಡಿ ಸಾರ್. ನಮ್ಮ ಆಫೀಸಲ್ಲೂ ಹೀಗೇ. ಕಷ್ಟಪಟ್ಟು ಮೇಲಿನ ಟೀಮಿಗೆ ಒಂದು ಸಮಸ್ಯೆಯ ಟಿಕೆಟ್ ಕಳಿಸಿದ್ರೆ, ಒಂದು ಕಾಮೆಂಟ್ ಬರೆದು ವಾಪಸ್ ನಮಗೇ ಅಸೈನ್ ಮಾಡ್ತಾರೆ!"

ಪುಣ್ಯಕ್ಕೆ ಪರ್ಮಿಟ್ ಮರುಪರಿಶೀಲನೆಯಲ್ಲೇ ಸಿಕ್ಕಿತು. ಈಗ ಹೆಂಡತಿಯೂ ಜೊತೆಗೆ ಬಂದು ಪ್ರಶ್ನೆ ಕೇಳುತ್ತಾಳೆ.

೨. ಚಿಕ್ಕಪ್ಪನ ಸಂಕಟ

ಉಡುಪಿಯಲ್ಲಿ ಜನ್ಮವಿಡೀ ವಕೀಲಿ ಮಾಡಿದ ಚಿಕ್ಕಪ್ಪ ಬೈಟನ್‌ವೆಲ್ಡರ್ಟ್ ಬಡಾವಣೆಯ ನಮ್ಮ ಮನೆಗೆ ಬಂದಿದ್ದರು.

"ಇಲ್ಲಿಯ ಪಾರ್ಲಿಮೆಂಟು ಸಂವಿಧಾನಕ್ಕೆ ವಿರುದ್ಧವಾಗಿ ಕಾನೂನು ಮಾಡಿದ್ರೆ ಕೋರ್ಟು ಹೊಡೆದು ಹಾಕ್ತದಲ್ವಾ?"

"ಇಲ್ಲ ಚಿಕ್ಕಪ್ಪ. ಕೋರ್ಟು ಅದನ್ನ ನೋಡಲೇಬಾರದು ಅಂತ ಸಂವಿಧಾನದಲ್ಲೇ ಬರೆದಿದೆ."

ಚಿಕ್ಕಪ್ಪ ಚಹಾ ಕೆಳಗಿಟ್ಟರು. "ಸಂವಿಧಾನ ಕೋರ್ಟು ಅಂತ ಬೇರೆ ಉಂಟಾ?"

"ಅದೂ ಇಲ್ಲ. ಆದರೆ ಯುರೋಪಿನ ಒಪ್ಪಂದಕ್ಕೆ ವಿರುದ್ಧ ಇದ್ದರೆ, ಸಣ್ಣ ಕೋರ್ಟಿನ ಜಡ್ಜೂ ಆ ಕಾನೂನನ್ನ ಬದಿಗಿಡಬಹುದು."

"ಅಂದ್ರೆ ಮನೆ ಹಿರಿಯನ ಮಾತು ನಡೆಯೋದಿಲ್ಲ, ಬೀಗರ ಮಾತು ನಡೀತದೆ!"

ಅವತ್ತಿಡೀ ಮನುಷ್ಯ ಸರಿಯಾಗಿ ಊಟ ಮಾಡಲಿಲ್ಲ. ಸಂಜೆ ಮತ್ತೆ ಶುರು: "ಮತ್ತೆ ಆ ಸಂವಿಧಾನ ಇಟ್ಕೊಂಡದ್ದು ಎಂತಕ್ಕೆ ಮಾರಾಯ?"

ಅಡುಗೆಮನೆಯಿಂದ ನನ್ನ ಹೆಂಡತಿ ಹೇಳಿದಳು, "ನಿಮ್ಮ ಮನೆಯ ಬೆಳ್ಳಿ ಲೋಟದ ಹಾಗೆ, ಚಿಕ್ಕಮಾವ. ನೆಂಟರಿಗೆ ತೋರಿಸ್ಲಿಕ್ಕೆ. ಕುಡೀಲಿಕ್ಕೆ ಸ್ಟೀಲಿಂದೇ."

೩. ಅಧಿಕಾರದ ಪ್ರಶ್ನೆ

ಇದೇ ಹೆಂಡತಿಗೆ ಮಂಗಳೂರಿನಲ್ಲಿರುವ ತನ್ನ ಅಮ್ಮನ ಮಾತೇ ಅಂತಿಮ. ಸೋಫಾದ ಬಣ್ಣಕ್ಕೆ ನಾನು ತಕರಾರು ತೆಗೆದರೂ "ಅಮ್ಮನ್ನ ಕೇಳುವ" ಎಂದು ವೀಡಿಯೊ ಕಾಲ್ ಮಾಡುತ್ತಾಳೆ. ತೀರ್ಪು ಯಾವಾಗಲೂ ಅವಳ ಪರವಾಗಿಯೇ ಬರುತ್ತದೆ.

ಒಂದು ಶನಿವಾರ ಬೆಳಿಗ್ಗೆ ನಮ್ಮ ಹದಿಹರೆಯದ ಮಗಳು, ಗೆಳತಿಯರ ಜೊತೆ ದೂರದ ಗ್ರೋನಿಂಗನ್ ಕಡೆ ಹೋಗಿ ಟೆಂಟಿನಲ್ಲಿ ಉಳಿಯುತ್ತೇನೆ, ಈಗಲೇ ಹೊರಡಬೇಕು ಎಂದಳು. ಹೆಂಡತಿ ಬೇಡವೆಂದಳು. ಮಗಳು ಹಟ ಬಿಡಲಿಲ್ಲ. ಹೆಂಡತಿ ಧೈರ್ಯವಾಗಿ ಮಂಗಳೂರಿಗೆ ಕಾಲ್ ಮಾಡಿದಳು.

ಅತ್ತೆ ಎಲ್ಲ ಕೇಳಿಸಿಕೊಂಡು ಹೇಳಿದರು, "ಹೋಗ್ಲಿ ಬಿಡು. ನೀನು ಇದೇ ಪ್ರಾಯದಲ್ಲಿ ಹೇಳದೆ ಕೇಳದೆ ಗೋವಾಕ್ಕೆ ಹೋಗಿರ್ಲಿಲ್ವಾ?"

ಗೋವಾದ ವಿಷಯ ನನಗೂ ಹೊಸದು. ಹೆಂಡತಿ ಕೆಂಪಾದಳು. "ಅಮ್ಮ, ಇದು ನೆದರ್‌ಲ್ಯಾಂಡ್ಸ್. ಇಲ್ಲಿಯ ವಿಷಯ ನಿಮ್ಮ ಅಧಿಕಾರಕ್ಕೆ ಬರೋದಿಲ್ಲ."

"ಹೌದಾ? ಸೋಫಾದ ಬಣ್ಣ ಬರ್ತದೆ, ಇದು ಬರೋದಿಲ್ವಾ?"

ಕೆಲವು ದೇಶಗಳ ಸಂವಿಧಾನ ಕೋರ್ಟುಗಳು ಲಕ್ಸೆಂಬರ್ಗಿಗೆ ಹೇಳುವುದೂ ಇದನ್ನೇ: ಒಪ್ಪುವ ತನಕ ನೀವು ದೊಡ್ಡವರು, ಒಪ್ಪದಿದ್ದರೆ ಅದು ನಿಮ್ಮ ಅಧಿಕಾರದ ಹೊರಗೆ.

"ಪಪ್ಪಾ, ಹಾಗಾದ್ರೆ ಯಾರು ಡಿಸೈಡ್ ಮಾಡೋದು?" ಮಗಳು ಕೇಳಿದಳು. ಹೆಂಡತಿ ನನ್ನ ಕಡೆ ತಿರುಗಿದಳು. ಫೋನಿನೊಳಗಿಂದ ಅತ್ತೆಯೂ ನೋಡಿದರು. "ನೀವೇ ಹೇಳಿ," ಎಂದಳು ಹೆಂಡತಿ.

ಎಷ್ಟೋ ವರ್ಷದಿಂದ ಕ್ಲಾಸಿನಲ್ಲಿ ಹೇಳುತ್ತಾ ಬಂದದ್ದನ್ನೇ ಹೇಳಿದೆ. "ನೋಡಿ, ಇಲ್ಲಿ ದೊಡ್ಡವರು, ಚಿಕ್ಕವರು ಅಂತ ಇಲ್ಲ. ಇದು ಪರಸ್ಪರ ಗೌರವದ ಸಂವಾದ..."

"ನೀವು ಸುಮ್ನಿರಿ ಮಾರಾಯ್ರೆ!" ಹೆಂಡತಿ, ಅತ್ತೆ ಇಬ್ಬರೂ ಒಟ್ಟಿಗೇ ಗದರಿದರು. ಅವರಿಬ್ಬರೂ ಒಮ್ಮತದಿಂದ ಕೊಟ್ಟ ಆ ತೀರ್ಪಿನ ಮೇಲೆ ಅಪೀಲೇ ಇರಲಿಲ್ಲ.

ಆಗ ಕೆಳಗಿನಿಂದ ಸೈಕಲ್ ಬೆಲ್ಲು ಕೇಳಿಸಿತು. ನಮ್ಮ ವಾದದ ನಡುವೆಯೇ ಜಾರಿಕೊಂಡ ಮಗಳು ಟೆಂಟಿನ ಸಮೇತ ಸ್ಟೇಷನ್ನಿನ ದಾರಿ ಹಿಡಿದಾಗಿತ್ತು.