ಪಕ್ಕದ ಸೈಟು, ನನ್ನ ಕೈಗುಣ

ಬೇರೆಯವರ ವಸ್ತುವನ್ನು ಪ್ರೀತಿಸುವುದು ಪಾಪವೋ ಅಲ್ಲವೋ ನನಗೆ ಗೊತ್ತಿಲ್ಲ. ಅದು ಮೈಮುರಿಯುವ ಕೆಲಸ ಎನ್ನುವುದಂತೂ ಅನುಭವದಿಂದ ಗೊತ್ತು. ಚಿಕ್ಕಂದಿನಲ್ಲಿ ಸೋದರಮಾವನ ಸೈಕಲ್ಲನ್ನು ದಿನಾ ಒರೆಸಿ, ಎಣ್ಣೆ ಬಿಟ್ಟು, ಬೆಲ್ಲು ತಿರುಪಿ ಮುದ್ದು ಮಾಡುತ್ತಿದ್ದೆ. ಮಾವನಿಗೆ ವರ್ಗವಾಯಿತು, ಸೈಕಲ್ಲು ಲಾರಿ ಹತ್ತಿತು. ಅಲ್ಲಿಗಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಆಫೀಸಿನಲ್ಲಿ ಕಿಟಕಿಯ ಪಕ್ಕದ ಮೇಜನ್ನು ಪ್ರೀತಿಸಿದೆ. ಅದು ನನಗಿಂತ ಹಿರಿಯರೊಬ್ಬರ ಪಾಲಾಯಿತು, ನಾನು ಬೀರುವಿನ ಹಿಂದಕ್ಕೆ ಹೋದೆ. ಕೊನೆಗೆ ತಲೆ ಅರ್ಧ ನೆರೆತ ಮೇಲೆ, ಬಸವೇಶ್ವರನಗರದ ನಮ್ಮ ಮನೆಗೆ ಅಂಟಿಕೊಂಡಿದ್ದ ಖಾಲಿ ಸೈಟನ್ನು ಪ್ರೀತಿಸಿದೆ. ಈಗ ಹೇಳಹೊರಟಿರುವುದು ಅದರ ಕಥೆ. ನಗು ಬಂದರೆ ನಗಿ, ನನಗೇನೂ ಬೇಜಾರಿಲ್ಲ. ಇರುವ ಬೇಜಾರೇ ಬೇಕಾದಷ್ಟಿದೆ.

ಆಗ ನಮ್ಮ ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಸೈಟೋ ತೀರಾ ಸಣ್ಣದು. ಮನೆ ಕಟ್ಟಿ ಮುಗಿಸಿದಾಗ ಉಳಿದ ಮಣ್ಣೆಲ್ಲ ತುಳಸಿಕಟ್ಟೆಯೊಳಗೆ ಹಿಡಿಸಿತ್ತು. ಪಕ್ಕದ ಸೈಟಿನಲ್ಲಿ ಕಲ್ಲು, ಪಾರ್ಥೇನಿಯಂ, ಯಾರದೋ ಒಂಟಿ ಚಪ್ಪಲಿ ಬಿದ್ದಿದ್ದವು. ಹಾವು ಬಂದೀತೆಂಬ ಹೆದರಿಕೆಯಿಂದ ಮೊದಲು ಒಂದು ಮೂಲೆ ಸವರಿದೆ. ಸವರಿದ ಜಾಗ ಖಾಲಿ ಯಾಕಿರಬೇಕು ಅಂತ ಬದನೆ ಸಸಿ ನೆಟ್ಟೆ. ಅದೇ ವರ್ಷ ಆಫೀಸಿನಲ್ಲಿ ನನ್ನ ಬಡ್ತಿಯೂ ತಪ್ಪಿತು. ಸಿಗದಿದ್ದನ್ನು ಬೇಡವಾಗಿತ್ತು ಅಂದುಕೊಳ್ಳುವುದಕ್ಕೆ ಸರಳ ಜೀವನದಷ್ಟು ಅನುಕೂಲವಾದ ಸಿದ್ಧಾಂತ ಇನ್ನೊಂದಿಲ್ಲ. ಮನುಷ್ಯನಿಗೆ ಬೇಕಾದ್ದೆಲ್ಲ ಮಣ್ಣಿನಲ್ಲಿದೆ, ಅಂಗಡಿಯಲ್ಲೇನಿದೆ ಮಣ್ಣು ಅಂತ ನಾನು ಮನೆಯಲ್ಲಿ ಭಾಷಣ ಶುರುಮಾಡಿದೆ.

ನನ್ನ ಹೆಂಡತಿ ಲಲಿತ ಭಾಷಣಕ್ಕೆ ಅಡ್ಡಿ ಮಾಡುವವಳಲ್ಲ. ಆದರೆ ಸರಳ ಜೀವನದಲ್ಲಿ ಕುಟ್ಟುವ, ಬೀಸುವ, ಸೋಸುವ ಕೆಲಸ ಎಷ್ಟಿರುತ್ತದೆ ಅಂತ ನನಗಿಂತ ಮೊದಲು ಗೊತ್ತಾದದ್ದು ಅವಳಿಗೆ. ಸೋಪು ನಿಂತಿತು, ಹೆಸರುಕಾಳು, ಮೆಂತ್ಯ, ಸೀಗೆಕಾಯಿ ಬೀಸಿದ ಪುಡಿ ಬಂತು. ಆ ಪುಡಿ ಕಣ್ಣಿಗೆ ಬಿದ್ದ ಭಾನುವಾರಗಳಲ್ಲಿ ಕೆಂಪು ಕಣ್ಣಿನಲ್ಲಿ ಬಾಗಿಲಿಗೆ ಬಂದ ನನ್ನನ್ನು ನೋಡಿ ನೆಂಟರು ಮನೆಯಲ್ಲಿ ಜಗಳವಾಗಿದೆ ಅಂತ ಕಾಫಿಗೂ ನಿಲ್ಲದೆ ಹೋಗುತ್ತಿದ್ದರು. ಬಾದಾಮಿ ಸಿಪ್ಪೆ ಸುಟ್ಟು ಹಲ್ಲುಪುಡಿ ಮಾಡಿದೆ. ಅದರಲ್ಲಿ ಹಲ್ಲುಜ್ಜಿ ಆಫೀಸಿಗೆ ಹೋದರೆ ನನ್ನ ನಗು ಶೋಕಾಚರಣೆಯ ಹಾಗೆ ಕಾಣುತ್ತಿತ್ತಂತೆ. ಪಾತ್ರೆಗೆ ಹಂಡೆಯೊಲೆಯ ಬೂದಿ, ಬಟ್ಟೆಗೆ ಅಂಟುವಾಳ, ಸೊಳ್ಳೆಗೆ ಬೇವಿನ ಹೊಗೆ. ಸೊಳ್ಳೆಗಳು ಹೊಗೆಗೆ ಬೇಗ ಒಗ್ಗಿಕೊಂಡವು; ಕೆಮ್ಮಿದವರು ನಾವು. ಒಂದು ದಿನ ಅಕ್ಕಿ ಡಬ್ಬದ ಹಿಂದೆ ಅರ್ಧ ಸವೆದ ಗಂಧದ ಸೋಪು ಸಿಕ್ಕಿತು. ನಾನು ಅದನ್ನು ಇದ್ದಲ್ಲೇ ಇಟ್ಟು ಡಬ್ಬ ಸರಿಸಿದೆ. ಮಾರನೆಯ ದಿನ ಅದು ಬೇಳೆ ಡಬ್ಬದ ಹಿಂದಕ್ಕೆ ಹೋಗಿತ್ತು.

ಹಾಸ್ಯ ಇರಲಿ. ನಿಜ ಹೇಳಬೇಕೆಂದರೆ, ಆ ವರ್ಷಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸೈಟೇ. ಸಂಜೆ ಬಸ್ಸಿನಿಂದ ಹಿಂಡಿ ಹಾಕಿದ ಹಾಗೆ ಇಳಿದು, ಪ್ಯಾಂಟು ಮಡಿಚಿಕೊಂಡು ಪಾತಿಯೊಳಗೆ ಕೂತರೆ ಎದೆಯ ಭಾರ ಇಳಿಯುತ್ತಿತ್ತು. ಆಫೀಸಿನಲ್ಲಿ ನಾನು ಬರೆದ ಒಂದು ಟಿಪ್ಪಣಿಯೂ ಯಾರ ಉಪಕಾರಕ್ಕೂ ಬಂದದ್ದಿಲ್ಲ. ಇಲ್ಲಿ ನಾನು ನೆಟ್ಟ ಬಸಳೆ ಚಪ್ಪರ ಹತ್ತುತ್ತಿತ್ತು, ಬದನೆ ಕಾಯಿ ಬಿಡುತ್ತಿತ್ತು. ಈಶಾನ್ಯದ ಮೂಲೆಯಲ್ಲಿ ಒಂದು ಬಿಳಿ ದಾಸವಾಳ. ಅದರ ಎಲೆ ನನ್ನ ತಲೆಗೆ, ಹೂವು ಲಲಿತಳ ದೇವರಿಗೆ. ತೋಟವನ್ನು ಅವಳು ಒಂದು ದಿನವೂ ಹೊಗಳಿದವಳಲ್ಲ. ಆದರೆ ತೋಟದ ಕಡೆಗಿದ್ದ ಅಡುಗೆಮನೆ ಕಿಟಕಿಗೆ ನಾನು ಪರದೆ ಹಾಕಿಸಲು ಹೋದಾಗ ಬೇಡ ಅಂದಳು. ಇಷ್ಟೆಲ್ಲ ಇದ್ದೂ ಜಾಗ ನಮ್ಮದಲ್ಲ ಎಂಬ ಹೆದರಿಕೆ ಮಾತ್ರ ಯಾವಾಗಲೂ ಪಕ್ಕದಲ್ಲೇ ಕೂತಿರುತ್ತಿತ್ತು.

ಸೈಟಿನ ಯಜಮಾನರು ನಂಜುಂಡಯ್ಯ. ದಾವಣಗೆರೆಯಲ್ಲಿ ಮಿಲ್ಲೊಂದರಲ್ಲಿ ಲೆಕ್ಕಪತ್ರ ನೋಡುವವರು. ಯಾವಾಗಲಾದರೊಮ್ಮೆ ಬಂದು, ಮೂಲೆಗಲ್ಲು ಇದೆಯೋ ಇಲ್ಲವೋ ನೋಡಿಕೊಂಡು ಹೋಗುತ್ತಿದ್ದರು. ಒಳ್ಳೆಯ ಮನುಷ್ಯ. "ಏನಾದ್ರೂ ಬೆಳ್ಕೊಳ್ಳಿ ಸಾರ್, ಹಾವು ಹುಳ ಬರಲ್ಲ. ನಮ್ಮನೆಯವಳಿಗಂತೂ ಬೆಂಗಳೂರು ಅಂದ್ರೆ ಆಗಲ್ಲ. ಈ ಬಯಲಲ್ಲಿ ಯಾರಿರ್ತಾರೆ, ನಾನಂತೂ ಬರಲ್ಲ ಅಂದ್ಬಿಟ್ಟಿದಾಳೆ" ಅನ್ನುತ್ತಿದ್ದರು. ನಾನು ನೋಡದೇ ಇದ್ದ ಆ ಮಹಾತಾಯಿಯ ಹಟಕ್ಕೆ ದಿನಾ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ. ಆಕೆ ಬರಲ್ಲ ಅಂದಷ್ಟು ದಿನ ತೋಟ ನನ್ನದು.

ಆಕೆಯ ಹೆಸರು ಗಿರಿಜಮ್ಮ. ಯಾರದೋ ಮದುವೆಗೆ ವಿಜಯನಗರಕ್ಕೆ ಬಂದವರು, ಸೈಟನ್ನು ಒಂದು ಸಲ ಕಣ್ಣಿಂದ ನೋಡೇ ಬಿಡೋಣ ಅಂತ ಗಂಡನ ಜೊತೆ ಬಂದರು. ಸೈಟಿನಲ್ಲಿ ಅವರ ಮಾತು ಕೇಳಿಸಿದಾಗ ಲಲಿತ ನನ್ನ ತೋಳು ಹಿಡಿದುಕೊಂಡು, "ನೀವು ಒಳಗೇ ಇರಿ. ಅವರು ನೋಡ್ಕೊಂಡು ಹೋಗ್ಲಿ. ದಯವಿಟ್ಟು ಬಾಯಿ ಬಿಡಬೇಡಿ" ಅಂದಳು. ಎಷ್ಟು ತಿಳಿದ ಹೆಂಗಸು ನೋಡಿ. ನಾನು ಒಳಗೇ ಇದ್ದೆ, ಗಿರಿಜಮ್ಮ "ಅಯ್ಯೋ, ಎಷ್ಟು ಚೆನ್ನಾಗಿದೇರೀ ಬದನೆಕಾಯಿ" ಅನ್ನುವವರೆಗೆ. ಬಡ್ತಿ ತಪ್ಪಿದ ಮನುಷ್ಯ ಸ್ವಾಮಿ ನಾನು. ಹೊಗಳಿಕೆ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ. ಚಪ್ಪಲಿ ಮೆಟ್ಟಿಕೊಳ್ಳದೆ ಓಡಿದೆ. ಪಾತಿ ಪಾತಿ ತೋರಿಸಿದೆ. ಬದನೆ, ಬಸಳೆ, ಕರಿಬೇವು ಚೀಲದ ತುಂಬ ಕೊಟ್ಟೆ. ಸೀಗೆಪುಡಿ, ಹಲ್ಲುಪುಡಿ ಪೊಟ್ಟಣ ಕಟ್ಟಿದೆ. ಲಲಿತ ಕಾಫಿ ತಂದು ಲೋಟವನ್ನು ಟಕ್ಕಂತ ಇಟ್ಟಳು. ಆ ಸದ್ದಿನ ಅರ್ಥ ಮದುವೆಯಾಗಿ ಅಷ್ಟು ವರ್ಷವಾಗಿದ್ದ ನನಗೆ ಗೊತ್ತಾಗಬೇಕಿತ್ತು. ಗಿರಿಜಮ್ಮ ಸುತ್ತ ನೋಡಿ, "ರೀ, ನಾನು ಬರೀ ಕಲ್ಲು ಮುಳ್ಳು ಅಂದ್ಕೊಂಡಿದ್ದೆ. ಇಂಥಾ ನೆಲ, ಇಂಥಾ ನೆರೆ ಸಿಗುತ್ತಾ? ಕಟ್ಟಿಸಿಬಿಡಿ. ಇಲ್ಲಿಗಾದ್ರೆ ಬರ್ತೀನಿ" ಅಂದರು. ನಂಜುಂಡಯ್ಯನವರು ಸಂತೋಷದಿಂದ ನನ್ನ ಕೈ ಕುಲುಕಿದರು. ನಾನು ಎತ್ತಿಕೊಂಡಿದ್ದ ಇನ್ನೊಂದು ಬದನೆಕಾಯಿಯನ್ನು ಎಲ್ಲಿಡಬೇಕೋ ತಿಳಿಯದೆ ನಿಂತಿದ್ದೆ.

ಮಳೆಗಾಲ ಕಳೆದ ಮೇಲೆ ಗುದ್ದಲಿ ಪೂಜೆ ಅಂತ ಗೊತ್ತಾಯಿತು. ಅದಕ್ಕೆ ಮೊದಲು ಗಂಡಹೆಂಡಿರಿಬ್ಬರೂ ಹಣ್ಣುಕಾಯಿ ಹಿಡಿದು ನಮ್ಮ ಮನೆಗೆ ಬಂದರು. ಗಿರಿಜಮ್ಮ ಹೇಳಿದರು: "ಮೊದಲನೇ ಗುದ್ದಲಿ ನೀವೇ ಹಾಕ್ಬೇಕು. ನಿಮ್ಮ ಕೈಗುಣ ಕಣ್ಣಾರೆ ನೋಡಿದೀವಿ. ಕೊರಡು ನೆಟ್ರೂ ಚಿಗುರೋ ಕೈ. ಮನೇನೂ ಹಾಗೇ ಎದ್ದುಬರ್ಲಿ." ಕೈಗುಣದ ಮೇಲೆ ನಮ್ಮ ಜನಕ್ಕಿರುವ ನಂಬಿಕೆ ನಿಮಗೆ ಗೊತ್ತೇ ಇದೆ. ಇಂಥವರು ಕೈ ಹಾಕಿದರೆ ಹಾಲು ಚೆನ್ನಾಗಿ ಹೆಪ್ಪಾಗುತ್ತದೆ, ಇಂಥವರು ಬೋಣಿ ಮಾಡಿದರೆ ಅಂಗಡಿ ನಡೆಯುತ್ತದೆ ಅಂತ ನಂಬುವವರು ನಾವು. ಅದಕ್ಕೆ ಆಗಲ್ಲ ಅಂದರೆ ಹೊಸ ಮನೆಗೆ ಕೇಡು ಬಯಸಿದ ಹಾಗೆ. ನಾನು ಆಗಲಿ ಅಂದೆ. ಅವರು ಹೋದ ಮೇಲೆ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತ ಕೂತೆ. ಸೂತಕ ಬಂದರೆ ಯಾರೂ ಬಲವಂತ ಮಾಡುವ ಹಾಗಿಲ್ಲ. ದಾಯಾದಿಗಳಲ್ಲಿ ಹಾಸಿಗೆ ಹಿಡಿದವರು ಯಾರಾದರೂ ಇದ್ದಾರೆಯೇ ಅಂತ ಜ್ಞಾಪಿಸಿಕೊಂಡೆ. ದೊಡ್ಡಪ್ಪನೊಬ್ಬರಿದ್ದರು, ಅವರೂ ಗಟ್ಟಿಯಾಗಿ ಎದ್ದು ಓಡಾಡುತ್ತಿದ್ದಾರೆ ಅಂತ ತಿಳಿಯಿತು. ಒಂದು ಬದನೆ ತೋಟಕ್ಕಾಗಿ ದೊಡ್ಡಪ್ಪನ ಸಾವು ಬಯಸುವ ಮಟ್ಟಕ್ಕೆ ಬಂದೆನಲ್ಲ ಅಂತ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಪೂಜೆಯ ದಿನ ಬೆಳಿಗ್ಗೆ ಲಲಿತ ಹೇಳಿದ್ದು ಒಂದೇ ಮಾತು: "ಮೊದಲು ಹೂ ಎಲ್ಲಾ ಕಿತ್ಕೊಂಡು ಬನ್ನಿ." ಗುದ್ದಲಿ ಬೀಳುವುದು ಈಶಾನ್ಯದಲ್ಲಿ ಅಂತ ಅವಳಿಗೂ ಗೊತ್ತು. ಬಿರಿದದ್ದು, ಮೊಗ್ಗು ಎಲ್ಲವನ್ನೂ ಕಿತ್ತು ತಂದೆ. ಪುರೋಹಿತರು ಮಂತ್ರ ಹೇಳಿ, ಅರಿಸಿನ ಕುಂಕುಮ ಹಚ್ಚಿದ ಗುದ್ದಲಿಯನ್ನು ಕೈಗೆ ಕೊಟ್ಟು, "ಹಾಕಿ ಸ್ವಾಮಿ, ಮುಹೂರ್ತ ಮೀರುತ್ತೆ" ಅಂದರು. ದಾಸವಾಳದ ಬುಡಕ್ಕೆ ಹಾಕಿದೆ. ಗುದ್ದಲಿ ಹಿಡಿಯವರೆಗೂ ಇಳಿದುಹೋಯಿತು. ಅಷ್ಟು ವರ್ಷ ಎಲೆಗೊಬ್ಬರ, ಬೂದಿ, ಸೆಗಣಿ ತಿನ್ನಿಸಿ ಸಾಕಿದ ಮಣ್ಣು. ಕಪ್ಪಗೆ, ಎರೆಹುಳದ ಸಮೇತ ಮೇಲೆ ಬಂತು. ಕುರುಬರಹಳ್ಳಿಯಿಂದ ಬಂದಿದ್ದ ಮೇಸ್ತ್ರಿ ಅದನ್ನು ಕಾಲಲ್ಲಿ ಕೆದಕಿ, "ಯಾರ್ ಸಾರ್ ಇಷ್ಟು ಮೆತ್ತಗ್ ಮಾಡಿರೋದು? ಇದನ್ನೆಲ್ಲ ಎತ್ತಿ ಆಚೆ ಹಾಕ್ದೆ ಪಾಯ ನಿಲ್ಲಲ್ಲ" ಅಂದ. ಎಲ್ಲರೂ ನನ್ನ ಕಡೆ ನೋಡಿದರು. ತಾಂಬೂಲ ಈಸಿಕೊಂಡು ಮನೆಗೆ ಬಂದೆ. ಲಲಿತ ಅಡುಗೆಮನೆ ಕಿಟಕಿ ಹಾಕಿ, ನೆಲದ ಮೇಲೆ ಹೂ ಗುಡ್ಡೆ ಮಾಡಿಕೊಂಡು ಕೂತಿದ್ದಳು. ಅವತ್ತು ಅವಳು ಅತ್ತಳು. ಮೊದಲೇ ಹೇಳಿದ್ದೆ ಅಂತ ಒಂದು ಮಾತು ಅಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು, ಅನ್ನಲಿಲ್ಲ.

ಮನೆ ಒಂದು ವಿಘ್ನವೂ ಇಲ್ಲದೆ ಎದ್ದಿತು. ಸಿಮೆಂಟು ಸಿಗದ ಕಾಲದಲ್ಲಿ ಅವರಿಗೆ ಸಿಮೆಂಟು ಸಿಕ್ಕಿತು, ಕೆಲಸದವರು ಓಡಿಹೋಗಲಿಲ್ಲ, ಮಳೆಯೂ ತಾರಸಿ ಹಾಕುವ ದಿನ ಬಿಡುವು ಕೊಟ್ಟಿತು. ಗಿರಿಜಮ್ಮ ಇದಕ್ಕೆಲ್ಲ ಕಾರಣ ನನ್ನ ಕೈ ಅಂತ ಬೀದಿಯಲ್ಲೆಲ್ಲ ಹೇಳಿದರು. ಅದರ ಫಲ ಏನಾಯಿತೆಂದರೆ, ನಮ್ಮ ಬಡಾವಣೆಯಲ್ಲಿ ಯಾವ ಖಾಲಿ ಸೈಟಿಗೆ ಗುದ್ದಲಿ ಪೂಜೆಯಾದರೂ ನನಗೆ ಕರೆ ಬರುತ್ತದೆ. ಹಿಂದಿನ ಬೀದಿಯ ಹುಣಸೆಮರದ ಸೈಟಿಗೆ ನಾನೇ ಹಾಕಿದೆ, ಮಕ್ಕಳು ಆಡುತ್ತಿದ್ದ ಮೂಲೆ ಸೈಟಿಗೂ ನಾನೇ. ನಾನು ನಡೆದ ಕಡೆಯೆಲ್ಲ ಹಸಿರು ಹೋಗಿ ಗೋಡೆ ಏಳುತ್ತದೆ. ಬರಲ್ಲ ಅನ್ನಬೇಕು ಅಂತ ಪ್ರತಿ ಸಲವೂ ಅಂದುಕೊಳ್ಳುತ್ತೇನೆ. ಆದರೆ ಅವರು ಬಾಗಿಲಲ್ಲಿ ನಿಂತು ನಿಮ್ಮ ಕೈಗುಣ ಅಂತ ಶುರುಮಾಡಿದರೆ, ಏನು ಹೇಳಲಿ, ನನ್ನ ಮುಖ ಅರಳಿಬಿಡುತ್ತದೆ. ಒಳಗಿನಿಂದ ಲಲಿತ ಕೇಳಿಸಿಕೊಂಡು, ಒಂದು ಹಳೇ ಬಟ್ಟೆ ಚೀಲ ತಂದು ಕೈಗೆ ಕೊಡುತ್ತಾಳೆ. ನಾನು ಕಿತ್ತ ಮೊದಲ ಹೆಂಟೆಯನ್ನು ಕೇಳಿ ಅದರಲ್ಲಿ ಹಾಕಿಸಿಕೊಂಡು ಬಂದು ನಮ್ಮ ತಾರಸಿಯ ಕುಂಡಕ್ಕೆ ಸುರಿಯುತ್ತೇನೆ. ಅದರಲ್ಲಿ ಇನ್ನೂ ಏನೂ ಬೆಳೆದಿಲ್ಲ.